ಎಚ್ಚರದ ಹದಿನೇಳು ಗಂಟೆ

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆಂದು ನೀವು ತರಗತಿಯಲ್ಲಿ ಓದಿದ್ದೀರಿ. ರಾಮನಗರ, ಚನ್ನಪಟ್ಟಣಗಳ ಬದಿಯಲ್ಲಿ ಹಾಯುವ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಅದೇ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಅಲ್ಲಿ ನಿಷೇಧಿಸಬೇಕಾಯಿತು. ಅಪಘಾತದಲ್ಲಿ ಆ ಶಕ್ತಿ ವ್ಯಯವಾಗುವುದು ಲೋಹವನ್ನು ಬಗ್ಗಿಸುವುದರಲ್ಲಿ, ಮೂಳೆಯನ್ನು ಮುರಿಯುವುದರಲ್ಲಿ. ಅಂಥ ಗಾಯಾಳುವನ್ನು ಹೊತ್ತು ತರುವವರು '108' ವಾಹನದ ಸಿಬ್ಬಂದಿ. ಕನಕಪುರ, ಮಾಗಡಿಯ ಹಳ್ಳಿಗಳಿಂದ ಹೆರಿಗೆಗೂ ಹಾವು ಕಡಿತಕ್ಕೂ ಕರೆ ಹೋಗುವುದು ಇವರಿಗೇ.

ಕರ್ನಾಟಕದಲ್ಲಿ ಈ ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಮೊದಲ ಒಂದು ಗಂಟೆಯೇ ನಿರ್ಣಾಯಕವೆಂಬ 'ಸುವರ್ಣ ಗಂಟೆ'ಯ ಕಲ್ಪನೆ ಅಮೆರಿಕದ ಶಸ್ತ್ರವೈದ್ಯ ಆಡಮ್ಸ್ ಕೌಲಿ ಅವರದು. ರೋಗಿಯ ಗಂಟೆಯನ್ನೇನೋ ಎಣಿಸಿದೆವು. ಆರೈಕೆ ಮಾಡುವವರ ಗಂಟೆಗಳನ್ನು?

ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದವರು ಬತ್ತಿಹೋಗುವುದನ್ನು ಕಂಡ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಅದನ್ನು 'ಬರ್ನೌಟ್' ಎಂದು ವರ್ಣಿಸಿದರು. ದಣಿವು, ಕೆಲಸದ ಬಗ್ಗೆ ನಿರ್ಲಿಪ್ತತೆ, ಕುಂದಿದ ದಕ್ಷತೆ ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದಲ್ಲ, ವೃತ್ತಿಸಂಬಂಧಿ ವಿದ್ಯಮಾನವೆಂದು ತನ್ನ ಪಟ್ಟಿಗೆ ಸೇರಿಸಿತು. ನನಗೆ ಈ ವಿಂಗಡಣೆ ಸರಿಯೆನಿಸುತ್ತದೆ: ದೋಷ ವ್ಯಕ್ತಿಯದಲ್ಲ, ಪಾಳಿಯದು.

ಮನಸ್ಸನ್ನು ಅಳೆಯುವುದು ಕಷ್ಟ; ನಿದ್ದೆಗೇಡನ್ನು ಅಳೆಯಬಹುದು. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, ಸತತ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯಸಾರವಿರುವವರಷ್ಟೇ ಕುಂದಿರುತ್ತದೆ. ನಮ್ಮ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ ಶೇ. 0.03.