ಮೇರಿ ಶೆಲ್ಲಿಯ ವಿಜ್ಞಾನ ಕಾದಂಬರಿಗಳಲ್ಲಿ ಅಭಿಜಾತ ಸಾಹಿತ್ಯದ ನೆಲೆ

ವಿಜ್ಞಾನ ಕಾದಂಬರಿಯು ಭವಿಷ್ಯಮುಖಿಯಾದ ಪ್ರಕಾರವೆಂಬುದು ರೂಢಿಗತ ಗ್ರಹಿಕೆ. ಆದರೆ ಅದರ ಆರಂಭಘಟ್ಟವನ್ನು ಪರಿಶೀಲಿಸಿದರೆ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದೊಡನೆ ಅದಕ್ಕಿದ್ದ ಗಾಢ ಸಂಬಂಧವು ಗೋಚರಿಸುತ್ತದೆ. ಬ್ರಿಯಾನ್ ಆಲ್ಡಿಸ್ ಅವರು 1973ರಲ್ಲಿ ಪ್ರಕಟಿಸಿದ ವಿಜ್ಞಾನ ಕಾದಂಬರಿಯ ಚರಿತ್ರೆಯಲ್ಲಿ ಈ ಪ್ರಕಾರದ ಮೊದಲನ್ನು ಮೇರಿ ಶೆಲ್ಲಿಯ (1797–1851) ‘ಫ್ರಾಂಕೆನ್‌ಸ್ಟೈನ್’ನಲ್ಲಿ ಗುರುತಿಸಿದರು. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಹೊರಬಂದ ಆ ಕೃತಿಯ ಉಪಶೀರ್ಷಿಕೆ ‘ಆಧುನಿಕ ಪ್ರೊಮೀಥಿಯಸ್’ ಎಂದಿರುವುದು ಗಮನಾರ್ಹ.

ಪ್ರೊಮೀಥಿಯಸ್‌ನ ಕಥೆಗೆ ಎರಡು ಪರಂಪರೆಗಳಿವೆ. ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಆತ ಮಾನವರಿಗಾಗಿ ಬೆಂಕಿಯನ್ನು ಕದ್ದು ಶಿಕ್ಷೆಗೆ ಗುರಿಯಾದವನು. ರೋಮನ್ ಕವಿ ಓವಿಡ್‌ನಲ್ಲಿ ಮಣ್ಣು ನೀರುಗಳನ್ನು ಬೆರೆಸಿ ಮಾನವನನ್ನು ರೂಪಿಸಿದವನು. ಶೆಲ್ಲಿ 1815ರಲ್ಲಿ ಓವಿಡ್‌ನನ್ನು ಅಭ್ಯಸಿಸಿದ ಸಂಗತಿ ಆಕೆಯ ದಿನಚರಿಯಿಂದ ತಿಳಿದುಬರುತ್ತದೆ. ಕಾದಂಬರಿಯ ನಾಯಕ ವಿಕ್ಟರ್‌ನಲ್ಲಿ ಈ ಎರಡೂ ಪರಂಪರೆಗಳು ಕೂಡುತ್ತವೆಯಾದರೂ ವ್ಯತ್ಯಾಸವೊಂದುಂಟು. ಪ್ರೊಮೀಥಿಯಸ್ ತಾನು ಒಲಿದ ಮಾನವರಿಗಾಗಿ ನೋವುಂಡನು. ವಿಕ್ಟರ್ ತನ್ನ ಸೃಷ್ಟಿ ಕಣ್ಣು ತೆರೆದೊಡನೆಯೇ ಅದನ್ನು ತೊರೆದು ಓಡಿದನು.

ಪರಿತ್ಯಕ್ತ ಜೀವಿಯು ಕಾಡಿನಲ್ಲಿ ದೊರೆತ ಮೂರು ಗ್ರಂಥಗಳಿಂದ ಲೋಕವನ್ನರಿಯುತ್ತದೆ. ಅವುಗಳಲ್ಲಿ ಪ್ಲೂಟಾರ್ಕ್‌ನ ಜೀವನಚರಿತ್ರೆಗಳು ಒಂದು. ಯುದ್ಧವೀರರಾದ ರೊಮುಲಸ್, ಥೀಸಿಯಸ್‌ರಿಗಿಂತ ಶಾಂತಿಪ್ರಿಯ ಶಾಸನಕರ್ತರಾದ ನ್ಯೂಮಾ, ಸೋಲನ್, ಲೈಕರ್ಗಸ್‌ರನ್ನು ಅದು ಹೆಚ್ಚಾಗಿ ಮೆಚ್ಚುತ್ತದೆ. ಅದರ ಮಾತನ್ನು ಸಹಾನುಭೂತಿಯಿಂದ ಕೇಳುವವನು ಒಬ್ಬ ಕುರುಡ ವೃದ್ಧ ಮಾತ್ರ. ಕಣ್ಣುಳ್ಳ ಅವನ ಮಗ ಹೊಡೆದಟ್ಟುತ್ತಾನೆ. ಅಭಿಜಾತ ಕೃತಿಗಳ ಓದು ಆ ಜೀವಿಗೆ ವಿವೇಕವನ್ನು ನೀಡಿತು. ಮನುಷ್ಯ ಸಮಾಜದ ಪ್ರವೇಶವನ್ನು ನೀಡಲಿಲ್ಲ. ಸ್ತ್ರೀಯರಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಮುಚ್ಚಿದ್ದ ಕಾಲದಲ್ಲಿ ಮನೆಯಲ್ಲಿಯೇ ಲ್ಯಾಟಿನ್ ಕಲಿತ ಲೇಖಕಿಯ ಕೃತಿಯಲ್ಲಿ ಈ ಪ್ರಸಂಗಕ್ಕೆ ವಿಶೇಷ ಅರ್ಥವಿದೆ.

1826ರಲ್ಲಿ ಪ್ರಕಟವಾದ ‘ಕೊನೆಯ ಮನುಷ್ಯ’ ಕಾದಂಬರಿಯು ಇದೇ ಪ್ರಶ್ನೆಯನ್ನು ವಿಸ್ತರಿಸುತ್ತದೆ. ಇಪ್ಪತ್ತೊಂದನೆಯ ಶತಮಾನದ ಅಂತ್ಯದಲ್ಲಿ ಮಹಾಮಾರಿಯಿಂದ ಮನುಕುಲ ಅಳಿಯುವ ಕಥೆಯಿದು. ನೇಪಲ್ಸ್ ಸಮೀಪದಲ್ಲಿರುವ, ಭವಿಷ್ಯವಾದಿನಿ ಸಿಬಿಲ್‌ಳ ಗುಹೆಯಲ್ಲಿ 1818ರಲ್ಲಿ ದೊರೆತ ಬರಹವುಳ್ಳ ಎಲೆಗಳಿಂದ ಇದನ್ನು ಸಂಕಲಿಸಲಾಯಿತೆಂಬುದು ಪೀಠಿಕೆಯ ಕಲ್ಪನೆ. ಎಲೆಗಳ ಮೇಲೆ ಭವಿಷ್ಯವನ್ನು ಬರೆಯುವ ಸಿಬಿಲ್ ವರ್ಜಿಲ್‌ನ ‘ಈನಿಯಡ್’ ಮಹಾಕಾವ್ಯದ ಪಾತ್ರ. ಹೀಗೆ ಭವಿಷ್ಯದ ಕಥನಕ್ಕೆ ಪ್ರಾಚೀನ ಕಾವ್ಯವೇ ಪ್ರಮಾಣವಾಗಿ ಒದಗಿದೆ. ಕಾದಂಬರಿಯ ಕೊನೆಯಲ್ಲಿ ನಿರ್ಜನ ರೋಮಿನಿಂದ ಹೊರಡುವ ವರ್ನಿ, ಹೋಮರ್ ಮತ್ತು ಷೇಕ್ಸ್‌ಪಿಯರ್‌ರ ಕೃತಿಗಳನ್ನು ದೋಣಿಯಲ್ಲಿರಿಸಿಕೊಳ್ಳುತ್ತಾನೆ. ಜಗತ್ತಿನ ಗ್ರಂಥಾಲಯಗಳೆಲ್ಲ ಅವನಿಗೆ ತೆರೆದಿವೆ, ಜೊತೆಗೆ ಓದುವವರಿಲ್ಲ.

ಮುಂದೆ ಡ್ಯಾನ್ ಸಿಮನ್ಸ್ ‘ಇಲಿಯಮ್’ (2003) ಕಾದಂಬರಿಯಲ್ಲಿ ಹೋಮರನ ಟ್ರಾಯ್ ಯುದ್ಧವನ್ನು ಮಂಗಳ ಗ್ರಹದ ಕಥೆಯೊಡನೆ ಹೆಣೆದರು. ಆ ಪರಂಪರೆಗೆ ಶೆಲ್ಲಿಯ ಎರಡು ಕೃತಿಗಳು ಬುನಾದಿ. ಒಂದರಲ್ಲಿ ಓದುಗನನ್ನು ಸಮಾಜವು ಹೊರಗಿಟ್ಟಿತು. ಇನ್ನೊಂದರಲ್ಲಿ ಓದುಗನುಳಿದು ಸಮಾಜವೇ ಅಳಿಯಿತು. ಗ್ರಂಥವು ಮನುಷ್ಯತ್ವವನ್ನು ಕಲಿಸಬಲ್ಲುದಾದರೂ ಅದನ್ನು ಉಳಿಸುವುದು ಸಹಜೀವನವೇ ಎಂಬ ನಿಲುವು ಎರಡರಲ್ಲಿಯೂ ವ್ಯಕ್ತವಾಗಿದೆ.