ಕಣೇಕಲ್ಲಿನಿಂದ ಕಡಲಿಗೆ: ಹಾವುಮೀನಿನ ಮುಚ್ಚಿದ ದಾರಿ

ಬ್ಯಾರಿಗಳಾದ ನಮಗೆ ಮೀನು ಎಂದರೆ ಮೊದಲು ನೆನಪಾಗುವುದು ಬೂತಾಯಿ, ಬಂಗುಡೆ. ಹೊಳೆಯ ಹಾವುಮೀನು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾವಿನಂತೆ ಉದ್ದ, ಮೈಯೆಲ್ಲ ಲೋಳೆ, ಹಗಲಿಡೀ ಕಲ್ಲಿನ ಸಂದಿಯಲ್ಲಿ ಅಡಗಿ ರಾತ್ರಿ ಹೊರಬರುವ ಮೀನು. ಆದರೆ ನಮ್ಮ ನದಿಗಳ ಚರಿತ್ರೆ ತಿಳಿಯಲು ಅದರ ದಾರಿ ಹಿಡಿದು ಹೋದರೆ ಸಾಕು.

ಹಿಲ್ಸಾದಂಥ ಮೀನುಗಳು ಕಡಲಲ್ಲಿ ಬೆಳೆದು ಮೊಟ್ಟೆಯಿಡಲು ನದಿ ಹತ್ತುತ್ತವೆ. ಹಾವುಮೀನಿನದು ತದ್ವಿರುದ್ಧ. ಅದು ಹುಟ್ಟುವುದು ಆಳ ಸಮುದ್ರದಲ್ಲಿ. ನಮ್ಮ ಭಾಗದ ಜಾತಿ ಸುಮಾತ್ರಾದ ಪಶ್ಚಿಮದ ಕಡಲಲ್ಲಿ ಹುಟ್ಟುತ್ತದೆ ಎಂಬುದು ವಿಜ್ಞಾನಿಗಳ ನಂಬಿಕೆ. ಗಾಜಿನಂತಹ ಮರಿ ಅಳಿವೆಗೆ ಬಂದು ನದಿ ಹತ್ತಿ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಕೊನೆಗೆ ಮತ್ತೆ ಕಡಲಿಗಿಳಿದು ಒಮ್ಮೆ ಮಾತ್ರ ಮೊಟ್ಟೆಯಿಟ್ಟು ಸಾಯುತ್ತದೆ. ಹೋಗಲು, ಬರಲು ಎರಡೂ ದಾರಿ ತೆರೆದಿರಬೇಕು.

ಈಗ ರಾಯದುರ್ಗದ ಕಡೆಯ ಕಣೇಕಲ್ಲನ್ನು ನೋಡೋಣ. ವೇದಾವತಿ ಅಥವಾ ಹಗರಿ ಹರಿಯುವ ಸೀಮೆ ಅದು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಮುಂದೆ ಮೇಲ್ಮಟ್ಟದ ಕಾಲುವೆ ಆ ನೀರನ್ನು ಕಣೇಕಲ್ಲಿನ ಹೊಲಗಳಿಗೂ ತಂದಿತು.

ಬಂಗಾಳ ಕೊಲ್ಲಿಯಿಂದ ಹೊರಟ ಮರಿ ಹಗರಿಗೆ ಬರಬೇಕಾದರೆ ಕೃಷ್ಣೆ, ತುಂಗಭದ್ರೆ ದಾಟಬೇಕು. ವಿಜಯವಾಡದಲ್ಲಿ 1855ರ ಹೊತ್ತಿಗೇ ಒಡ್ಡು ಬಂತು; ಅದರ ಜಾಗದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜ್. ಮೇಲೆ ನಾಗಾರ್ಜುನಸಾಗರ, ಶ್ರೀಶೈಲ. ಎರಡೂ ನೂರು ಮೀಟರಿಗಿಂತ ಎತ್ತರ, ಎರಡರಲ್ಲೂ ವಿದ್ಯುತ್ ಉತ್ಪಾದನೆ. ಆಮೇಲೆ ಸುಂಕೇಸುಲ, ರಾಜೋಳಿಬಂಡೆ. ಹಗರಿಯಲ್ಲೇ ಮೇಲಕ್ಕೆ ಭೈರವಾನಿತಿಪ್ಪ, ಇನ್ನೂ ಮೇಲೆ 1907ರ ವಾಣಿವಿಲಾಸ ಸಾಗರ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಟರ್ಬೈನಿನ ಒಳಗೆ ಚಿಕ್ಕ ಮೀನು ರೆಕ್ಕೆಗಳ ನಡುವೆ ನುಸುಳಿ ಪಾರಾಗಬಹುದು. ಮೀನು ಉದ್ದವಾದಷ್ಟೂ ರೆಕ್ಕೆಯ ಏಟು ಬೀಳುವ ಸಂಭವ ಹೆಚ್ಚು. ಮೀಟರ್ ಉದ್ದ ಬೆಳೆಯಬಲ್ಲ ಹಾವುಮೀನು ಕಡಲಿಗೆ ಇಳಿಯುವಾಗ ಸಾಯುವುದು ಹೀಗೆ. ಮೊಟ್ಟೆಯಿಡಲು ಹೊರಟ ಮೀನೇ ಸತ್ತರೆ ಮುಂದಿನ ಪೀಳಿಗೆಯೂ ಹೋಯಿತು.

ಇದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಮ್ಮದೇ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1870ರಲ್ಲೇ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. 1873ರಲ್ಲಿ ಫ್ರಾನ್ಸಿಸ್ ಡೇ ತಮ್ಮ ವರದಿಯಲ್ಲಿ ಒಡ್ಡುಗಳು ಮೀನಿನ ಸಂಚಾರವನ್ನು ತಡೆಯುವುದನ್ನು ಚರ್ಚಿಸಿದರು. ಆದರೂ ದೊಡ್ಡ ಅಣೆಕಟ್ಟುಗಳ ಕಾಲದಲ್ಲಿ ಹಾವುಮೀನಿಗೆ ದಾರಿ ಉಳಿಯಲಿಲ್ಲ.

ಅಂಗಡಿಯವರ ಮಗನಾಗಿ ಒಂದು ಮಾತು: ಲೆಕ್ಕದ ಪುಸ್ತಕದಲ್ಲಿ ಜಮಾ ಮಾತ್ರ ಬರೆದರೆ ಸಾಲದು, ಖರ್ಚನ್ನೂ ಬರೆಯಬೇಕು. ಕಣೇಕಲ್ಲಿಗೆ ಕಾಲುವೆಯ ನೀರು ಬಂದದ್ದು ಜಮಾ. ಬರಗಾಲದ ಸೀಮೆಯಲ್ಲಿ ಅದನ್ನು ಯಾರೂ ಬೇಡವೆನ್ನಲಾರರು. ನದಿಯ ಜೀವಗಳು ಕಳೆದುಕೊಂಡದ್ದು ಖರ್ಚು. ಅದನ್ನು ಬರೆದವರು ಕಡಿಮೆ.

ಹೊರಗೆ ಕೆಲವರು ಬರೆದಿದ್ದಾರೆ. ಮನುಷ್ಯರ ಅಡ್ಡಿ ಇಲ್ಲದಿದ್ದರೆ ಎಷ್ಟು ಬೆಳೆದ ಹಾವುಮೀನು ಕಡಲಿಗೆ ಹೋಗುತ್ತಿತ್ತೋ ಅದರಲ್ಲಿ ಶೇ. 40ರಷ್ಟಾದರೂ ತಲುಪಬೇಕೆಂಬ ಗುರಿಯನ್ನು ಯುರೋಪಿಯನ್ ಒಕ್ಕೂಟ 2007ರ ಕಾನೂನಿನಲ್ಲಿ ಇಟ್ಟಿದೆ. ನ್ಯೂಜಿಲೆಂಡಿನ ಮಾತಾಹಿನ ಅಣೆಕಟ್ಟಿನಲ್ಲಿ ಮರಿಗಳನ್ನು ಕೆಳಗೆ ಹಿಡಿದು ಮೇಲೆ ಸಾಗಿಸುತ್ತಾರೆ. ಕೆಲವು ಉಪಾಯಗಳು ದುಬಾರಿಯೂ ಅಲ್ಲ. ಒದ್ದೆ ಹಗ್ಗ ಅಥವಾ ಬ್ರಷ್ಷಿನಂತಹ ಇಳಿಜಾರು ಇದ್ದರೆ ಮರಿ ಹತ್ತುತ್ತದೆ. ಟರ್ಬೈನಿನ ಬಾಯಿಗೆ ಕಿರಿದಾದ ಸಂದಿನ ಜಾಲರಿ, ಪಕ್ಕದಲ್ಲಿ ನೀರಿಗೊಂದು ಬೇರೆ ದಾರಿ, ವಲಸೆಯ ರಾತ್ರಿಗಳಲ್ಲಿ ಯಂತ್ರಕ್ಕೆ ಬಿಡುವು ಕೊಟ್ಟರೆ ದೊಡ್ಡ ಮೀನು ಉಳಿಯುತ್ತದೆ.

ಕೃಷ್ಣೆಯಂತಹ ಉದ್ದದ ನದಿಯಲ್ಲಿ ಇದು ಕಷ್ಟ. ನಮ್ಮ ಕರಾವಳಿಯ ನದಿಗಳು ಗಿಡ್ಡ, ಕಡಲು ಹತ್ತಿರ. ಮಳೆಗಾಲದಲ್ಲಿ ಹಲಗೆ ತೆಗೆಯುವ ಕಿಂಡಿ ಅಣೆಕಟ್ಟಿನಲ್ಲಿ ದಾರಿ ತೆರೆದೇ ಇರುತ್ತದೆ. ಆದರೆ ನೇತ್ರಾವತಿಯಲ್ಲೂ ತುಂಬೆಯ ಅಣೆಕಟ್ಟಿದೆ, ಶಂಭೂರಿನಲ್ಲಿ ಜಲವಿದ್ಯುತ್ ಘಟಕವಿದೆ. ಮುಂದಿನ ಒಡ್ಡಿನ ನಕ್ಷೆ ನಮ್ಮ ಪಂಚಾಯಿತಿಗೆ ಬಂದಾಗ, ನೀರೆಷ್ಟು, ಕರೆಂಟೆಷ್ಟು ಎಂದು ಕೇಳುವುದರ ಜೊತೆಗೆ ಮೀನಿಗೆ ದಾರಿ ಎಲ್ಲಿ ಎಂದೂ ಕೇಳೋಣ. ಕಣೇಕಲ್ಲಿನ ಕಡೆ ಆ ಪ್ರಶ್ನೆಗೆ ಹೊತ್ತು ಮೀರಿತು. ನಮ್ಮಲ್ಲಿ ಇನ್ನೂ ಮೀರಿಲ್ಲ.