ಅಂತರ್ಜಾಲದ ಮೂಲಕ ನಡೆಸುವ ಸಣ್ಣ ವ್ಯಾಪಾರಕ್ಕೆ ಮುದ್ರಾ ಸಾಲ: ಪಶ್ಚಿಮ ಬೆಂಗಳೂರಿನ ಅರ್ಜಿದಾರರಿಗೆ ಮಾಹಿತಿ

ಪ್ರಧಾನ ಮಂತ್ರಿ ಮುದ್ರಾ ಯೋಜನೆಯು 2015ರ ಏಪ್ರಿಲ್ 8ರಂದು ಜಾರಿಗೆ ಬಂದಿರುತ್ತದೆ. ಉತ್ಪಾದನೆ, ವ್ಯಾಪಾರ ಹಾಗೂ ಸೇವಾ ಚಟುವಟಿಕೆಗಳಿಗೆ ಅಡಮಾನವಿಲ್ಲದೆ ಸಾಲ ದೊರಕಿಸುವುದು ಇದರ ಉದ್ದೇಶ. ಮಳಿಗೆಯಿಲ್ಲದೆ ಮನೆಯಿಂದಲೇ ಅಂತರ್ಜಾಲದ ಮೂಲಕ ಸೀರೆ, ಕುರುಕಲು ತಿಂಡಿ, ಕರಕುಶಲ ವಸ್ತುಗಳನ್ನು ಮಾರುವವರೂ ಅರ್ಜಿ ಸಲ್ಲಿಸಬಹುದು. ಮುದ್ರಾ ಸಂಸ್ಥೆಯು ವ್ಯಕ್ತಿಗಳಿಗೆ ನೇರವಾಗಿ ಸಾಲ ನೀಡುವುದಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿಯ ನಿವಾಸಿಗಳು ಸಮೀಪದ ಬ್ಯಾಂಕ್ ಶಾಖೆಯಲ್ಲಿ ಅಥವಾ ಜನ್ ಸಮರ್ಥ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ರೂ. 50,000ದವರೆಗಿನ ಸಾಲಕ್ಕೆ ಶಿಶು, ಅಲ್ಲಿಂದ ರೂ. 5 ಲಕ್ಷದವರೆಗೆ ಕಿಶೋರ, ರೂ. 10 ಲಕ್ಷದವರೆಗೆ ತರುಣ ಎಂದು ಹೆಸರು. 2024ರ ಅಕ್ಟೋಬರ್‌ನಲ್ಲಿ ಸೇರಿಸಲಾದ ತರುಣ್ ಪ್ಲಸ್ ವರ್ಗದಲ್ಲಿ ರೂ. 20 ಲಕ್ಷದವರೆಗೆ ಅವಕಾಶವಿದ್ದು, ತರುಣ ಸಾಲವನ್ನು ಪಡೆದು ತೀರಿಸಿದವರಿಗೆ ಮಾತ್ರ ಅದು ಅನ್ವಯಿಸುತ್ತದೆ.

ಸದರಿ ಯೋಜನೆಯಲ್ಲಿ ಸಹಾಯಧನ ಇರುವುದಿಲ್ಲ. ಸರ್ಕಾರದ ಖಾತರಿಯಿದೆ ಎಂದ ಮಾತ್ರಕ್ಕೆ ಸಾಲಗಾರರ ಹೊಣೆ ತಪ್ಪುವುದಿಲ್ಲ. ಆ ಖಾತರಿಯು ಬ್ಯಾಂಕಿನ ನಷ್ಟಕ್ಕೆ ಸಂಬಂಧಿಸಿದ್ದು. ಕಂತು 90 ದಿನಗಳಿಗೂ ಮೀರಿ ಬಾಕಿ ಉಳಿದಲ್ಲಿ ಖಾತೆಯು ಅನುತ್ಪಾದಕವಾಗಿ, ಮುಂದೆ ಗೃಹಸಾಲ ಕೇಳುವಾಗಲೂ ಅದು ಅಡ್ಡ ಬರುತ್ತದೆ.

ಅಂತರ್ಜಾಲ ವ್ಯಾಪಾರಿಗಳಿಗೆ ನಿಜವಾದ ತೊಡಕು ಎದುರಾಗುವುದು ವ್ಯಾಪಾರ ನಡೆಯುತ್ತಿದೆ ಎಂದು ತೋರಿಸುವಲ್ಲಿ. ನಾಮಫಲಕವಾಗಲಿ ಮಳಿಗೆಯಾಗಲಿ ಇಲ್ಲದಿರುವುದರಿಂದ ದಾಖಲೆಗಳೇ ಅಂಗಡಿಯ ಬದಲಿಗೆ ನಿಲ್ಲಬೇಕು. ವಿಜಯನಗರದ ಬಾಡಿಗೆ ಮನೆಯಿಂದ ಸೀರೆ ಮಾರುವವರು ಆಧಾರ್, ಪ್ಯಾನ್ ಪ್ರತಿಗಳೊಂದಿಗೆ ಬಾಡಿಗೆ ಕರಾರು ಪತ್ರ, ಉದ್ಯಮ್ ನೋಂದಣಿ ಪ್ರಮಾಣಪತ್ರ, ಆರು ತಿಂಗಳ ಬ್ಯಾಂಕ್ ವಿವರಪಟ್ಟಿ ಹಾಗೂ ಕೊಳ್ಳಬೇಕಾದ ಸರಕಿನ ದರಪಟ್ಟಿಯನ್ನು ಲಗತ್ತಿಸುವುದು ಒಳಿತು. ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಮಾರಾಟದ ಹಣ ಮನೆಖರ್ಚಿನ ಉಳಿತಾಯ ಖಾತೆಗೇ ಬರುತ್ತಿದ್ದಲ್ಲಿ ಶಾಖಾಧಿಕಾರಿಗೆ ವಹಿವಾಟು ಕಾಣುವುದೇ ಇಲ್ಲ; ಪ್ರತ್ಯೇಕ ಚಾಲ್ತಿ ಖಾತೆಯನ್ನು ಕೆಲವು ತಿಂಗಳ ಮುಂಚೆಯೇ ತೆರೆಯುವುದು ಸೂಕ್ತ. ಮಾರಾಟ ತಾಣಗಳು ನೀಡುವ ಪಾವತಿ ವಿವರ ಹಾಗೂ ವಾಟ್ಸ್‌ಆಪ್ ಮೂಲಕ ಬಂದ ಬೇಡಿಕೆಗಳಿಗೆ ಬರೆದ ಬಿಲ್ಲುಗಳೂ ಪುರಾವೆಯಾಗುತ್ತವೆ. ರೂ. 2 ಲಕ್ಷ ಮತ್ತು ಮೇಲ್ಪಟ್ಟ ಸಾಲಕ್ಕೆ ಹಿಂದಿನ ಎರಡು ವರ್ಷಗಳ ಆಸ್ತಿ-ಹೊಣೆ ಪಟ್ಟಿ ಹಾಗೂ ತೆರಿಗೆ ವಿವರಗಳನ್ನು ಕೇಳಲಾಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ, ಮಾರಾಟ ತಾಣದ ಮೂಲಕ ಮೈಸೂರಿಗೆ ಸರಕು ಕಳುಹಿಸುವುದು ಬೇರೆ, ಹತ್ತಿರದಲ್ಲಿಯೇ ಇರುವ ಹೊಸೂರಿಗೆ ಕಳುಹಿಸುವುದು ಬೇರೆ. ಹೊರರಾಜ್ಯಕ್ಕೆ ಮಾರುವವರು ಸಾಮಾನ್ಯವಾಗಿ ವಹಿವಾಟು ಎಷ್ಟೇ ಇದ್ದರೂ ನೋಂದಾಯಿಸಿಕೊಳ್ಳಬೇಕು. ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರದೆ ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ 2023ರ ಅಕ್ಟೋಬರ್ 1ರಿಂದ ವಿನಾಯಿತಿಯಿದೆ. ಆದರೆ ಅವರೂ ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು. ತಿಂಡಿ ಪದಾರ್ಥಗಳಿಗೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ.

ಮುದ್ರಾ ಯೋಜನೆಗೆ ಮಧ್ಯವರ್ತಿಗಳನ್ನು ನೇಮಿಸಿರುವುದಿಲ್ಲ. ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಕಟ್ಟಿ ಎಂದು ದೂರವಾಣಿಯಲ್ಲಿ ಹೇಳುವವರಿಗೆ ಹಣವನ್ನಾಗಲಿ ಒಟಿಪಿಯನ್ನಾಗಲಿ ನೀಡಕೂಡದು. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಬೇಕು. ಅಡಮಾನಕ್ಕೆ ಒತ್ತಾಯಿಸಿದಂತಹ ಸಂದರ್ಭಗಳಲ್ಲಿ ಮೊದಲು ಬ್ಯಾಂಕಿಗೆ ದೂರು ನೀಡಿ, 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರನ್ನು ಸಂಪರ್ಕಿಸಬಹುದು. ಸಾಲ ಕೊಡಬೇಕೇ ಬೇಡವೇ ಎಂಬ ಬ್ಯಾಂಕಿನ ವಾಣಿಜ್ಯ ತೀರ್ಮಾನವನ್ನು ಮಾತ್ರ ಅವರು ಬದಲಿಸುವುದಿಲ್ಲ.

ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ ಮಾರ್ಗದರ್ಶನಕ್ಕೆ ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿರುವ ಕೇಂದ್ರ ಸರ್ಕಾರದ ಎಂಎಸ್‌ಎಂಇ ಅಭಿವೃದ್ಧಿ ಕಚೇರಿಯನ್ನು ಸಂಪರ್ಕಿಸಬಹುದು. ಸಾಲ ಮಂಜೂರಾತಿ ಅಲ್ಲಿ ನಡೆಯುವುದಿಲ್ಲ.